ಫ್ಯಾನಿನ ಸದ್ದಿಗೆ ಕಂಡೆನ್ಸರ್ ಹೊಣೆಯೇ?

ಮನೆಯಲ್ಲೇ ಕೂತು ಭಾವಗೀತೆಯನ್ನೋ ಕಥೆಯನ್ನೋ ಪಾಡ್‌ಕಾಸ್ಟನ್ನೋ ರೆಕಾರ್ಡ್ ಮಾಡಲು ಹೊರಟವರಿಗೆ ಮೊಟ್ಟಮೊದಲು ಸಿಗುವ ಸಲಹೆ ಒಂದೇ. "ಕಂಡೆನ್ಸರ್ ಮೈಕ್ ತಗೋಬೇಡಿ, ಅದು ಊರಿನ ಸದ್ದನ್ನೆಲ್ಲ ಎಳ್ಕೊಳ್ಳುತ್ತೆ. ಅದೇನಿದ್ರೂ ಸ್ಟುಡಿಯೋ ಇರೋರಿಗೆ. ಮನೆಗೆ ಡೈನಾಮಿಕ್ಕೇ ವಾಸಿ." ಮೈಕ್ ಮಾರುವವರು ಇದನ್ನು ಹೇಳುತ್ತಾರೆ, ಯೂಟ್ಯೂಬಿನಲ್ಲಿ ಮೈಕ್ ಪರಿಚಯಿಸುವವರು ಹೇಳುತ್ತಾರೆ, ಹಿಂದೆ ಒಂದು ಕೊಂಡು ಕೈಸುಟ್ಟುಕೊಂಡ ಗೆಳೆಯರು ಇನ್ನೂ ಜೋರಾಗಿ ಹೇಳುತ್ತಾರೆ. ಇಷ್ಟು ಬಾಯಿಗಳಿಂದ ಬಂದ ಮಾತನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. ಈ ಸಲಹೆ ತಪ್ಪು ಎಂಬುದು ನನ್ನ ವಾದ. ಭೌತಶಾಸ್ತ್ರದ ಲೆಕ್ಕದಲ್ಲಿ ತಪ್ಪು ಎನ್ನುವುದು ಒಂದು ಕಡೆಗಿರಲಿ, ಮೆಲುದನಿಯಲ್ಲಿ ಹಾಡುವ, ಮೆಲುದನಿಯಲ್ಲಿ ಓದುವ ಎಷ್ಟೋ ಜನರಿಗೆ ಅದು ಅನ್ಯಾಯ ಮಾಡುತ್ತಿದೆ.

ಮೊದಲು ಯಂತ್ರದ ವಿಚಾರ. ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿರುತ್ತದೆ. ಧ್ವನಿ ಬಡಿದಾಗ ಸುರುಳಿ ಅಯಸ್ಕಾಂತದ ನಡುವೆ ಅಲುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಕಂಡೆನ್ಸರಿನಲ್ಲಿ ಸುರುಳಿಯ ಭಾರವಿಲ್ಲ. ಕೆಲವೇ ಮೈಕ್ರಾನ್ ದಪ್ಪದ ಪೊರೆ ಲೋಹದ ಫಲಕವೊಂದರ ಮುಂದೆ ಬಿಗಿದು ನಿಂತಿರುತ್ತದೆ, ಅದು ಅಲುಗಿದಂತೆ ಎರಡರ ನಡುವಿನ ಧಾರಕತೆ ಬದಲಾಗುತ್ತದೆ. ಇ.ಸಿ. ವೆಂಟ್ ಎಂಬ ಎಂಜಿನಿಯರ್ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ 1916ರಲ್ಲಿ ರೂಪಿಸಿದ ಉಪಾಯ ಇದು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಶಾಶ್ವತವಾಗಿ ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಪೊರೆಯ ಮೈಕನ್ನು ಮಾಡಿ ತೋರಿಸಿದ ಮೇಲೆ ಕಂಡೆನ್ಸರ್ ಅಗ್ಗವಾಗುತ್ತಾ ಬಂತು. ನಿಮ್ಮ ಮೊಬೈಲಿನೊಳಗೆ ಕೂತಿರುವ ಸಾಸಿವೆಯಷ್ಟು ಮೈಕು ಕೂಡ ಇದೇ ವಂಶದ್ದು.

ಕಂಡೆನ್ಸರಿನ ಪೊರೆಯ ಹಿಂದೆಯೇ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಮೈಕಿನ ತಂತಿಯಲ್ಲೇ ಹರಿದು ಬರುತ್ತದೆ. ಹೀಗಾಗಿ ಕಂಡೆನ್ಸರ್ ಹೊರಗೆ ಕೊಡುವ ಸಿಗ್ನಲ್ ದೊಡ್ಡದು. ಅದೆಷ್ಟು ದೊಡ್ಡದು ಎಂಬುದನ್ನು ಕಂಪನಿಗಳು ಮುಚ್ಚಿಡುವುದಿಲ್ಲ. ಒಂದು ಪಾಸ್ಕಲ್ ಒತ್ತಡದ ಧ್ವನಿಗೆ ಆಡಿಯೊ-ಟೆಕ್ನಿಕಾ ಎಟಿ2020 ಕಂಡೆನ್ಸರ್ ಸುಮಾರು 14 ಮಿಲಿವೋಲ್ಟ್ ಕೊಡುತ್ತದೆ. ಪಾಡ್‌ಕಾಸ್ಟ್ ಮಾಡುವವರ ಕಣ್ಮಣಿಯಾಗಿರುವ ಶೂರ್ ಎಸ್‌ಎಂ7ಬಿ ಎಂಬ ಡೈನಾಮಿಕ್ ಕೊಡುವುದು 1.12 ಮಿಲಿವೋಲ್ಟ್. ಇವೆರಡರ ನಡುವೆ 22 ಡೆಸಿಬೆಲ್ ಅಂತರವಿದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯ ಗೇನ್ ತಿರುಪನ್ನು ಒಂದೇ ಜಾಗದಲ್ಲಿಟ್ಟು ಡೈನಾಮಿಕ್ ಕಿತ್ತು ಕಂಡೆನ್ಸರ್ ಚುಚ್ಚಿದರೆ ಫ್ಯಾನು, ಪಕ್ಕದ ಮನೆಯ ಮಿಕ್ಸಿ, ಬೀದಿಯ ಆಟೋ ಎಲ್ಲವೂ 22 ಡೆಸಿಬೆಲ್ ಎದ್ದು ಬರುತ್ತವೆ. ಕೇಳಿದವರು ಬೆಚ್ಚುತ್ತಾರೆ. ಆದರೆ ನಿಮ್ಮ ದನಿಯೂ ಅಷ್ಟೇ ಎದ್ದಿದೆ ಎಂಬುದನ್ನು ಅವರು ಗಮನಿಸುವುದಿಲ್ಲ. ತಿರುಪನ್ನು 22 ಡೆಸಿಬೆಲ್ ಇಳಿಸಿ ನೋಡಿ, ದನಿಗೂ ಫ್ಯಾನಿಗೂ ಇರುವ ಅಂತರ ಮೊದಲಿದ್ದಷ್ಟೇ ಇರುತ್ತದೆ. ಮೈಕಿನ ಸೂಕ್ಷ್ಮತೆ ಎಂದರೆ ಇಂತಿಷ್ಟು ಒತ್ತಡಕ್ಕೆ ಇಂತಿಷ್ಟು ವೋಲ್ಟ್ ಎಂಬ ಲೆಕ್ಕ, ಅಷ್ಟೇ. ಎಷ್ಟು ದೂರದ ಸದ್ದು ಕೇಳಿಸುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ದೂರದ ಸದ್ದು ಎಷ್ಟು ಬರಬೇಕೆಂದು ತೀರ್ಮಾನಿಸುವುದು ಎರಡೇ ಸಂಗತಿ. ಒಂದು, ಮೈಕು ಯಾವ ದಿಕ್ಕುಗಳಿಗೆ ಕಿವಿಗೊಡುತ್ತದೆ ಎಂಬುದು. ಅಗ್ಗದ ಕಂಡೆನ್ಸರ್‌ಗಳಲ್ಲಿ ಬಹುಪಾಲು ಕಾರ್ಡಿಯಾಯ್ಡ್ ಮಾದರಿಯವು. ಎದುರಿನದನ್ನು ಚೆನ್ನಾಗಿ, ಪಕ್ಕದ್ದನ್ನು ಅರ್ಧದಷ್ಟು ಕೇಳಿಸಿಕೊಂಡು ನೇರ ಹಿಂದಿನದಕ್ಕೆ ಕಿವುಡಾಗಿರುತ್ತವೆ. ಎಸ್‌ಎಂ7ಬಿ ಕೂಡ ಕಾರ್ಡಿಯಾಯ್ಡೇ, ವೇದಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ಎಸ್‌ಎಂ58 ಕೂಡ. ಎಲ್ಲ ದಿಕ್ಕಿನಿಂದ ಸಮನಾಗಿ ಬರುವ ಕೋಣೆಯ ಸದ್ದಿನಲ್ಲಿ ಆದರ್ಶ ಕಾರ್ಡಿಯಾಯ್ಡ್ ಒಳಗೆ ಬಿಟ್ಟುಕೊಳ್ಳುವುದು ಮೂರನೇ ಒಂದು ಭಾಗದ ಶಕ್ತಿಯನ್ನು. ಒಳಗಿರುವುದು ಸುರುಳಿಯೋ ಫಲಕವೋ ಎಂದು ನೋಡಿ ಈ ಮೂರನೇ ಒಂದು ಭಾಗ ಬದಲಾಗುವುದಿಲ್ಲ.

ಎರಡನೆಯದು ಬಾಯಿಗೂ ಮೈಕಿಗೂ ಇರುವ ದೂರ. ನಿಜವಾದ ವಿಷಯ ಇರುವುದೇ ಇಲ್ಲಿ. ದೂರ ಅರ್ಧವಾದರೆ ನೇರ ಧ್ವನಿ 6 ಡೆಸಿಬೆಲ್ ಏರುತ್ತದೆ. ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಮೈಕಿಟ್ಟು 60 ಸೆಂಟಿಮೀಟರ್ ದೂರ ಕೂತು ಮಾತಾಡುವವರು 15 ಸೆಂಟಿಮೀಟರಿಗೆ ಬಂದರೆ ದನಿ 12 ಡೆಸಿಬೆಲ್ ಹೆಚ್ಚುತ್ತದೆ. ಸೂರಿನಲ್ಲಿರುವ ಫ್ಯಾನು ಇದ್ದಲ್ಲೇ ಇದೆ, ಗೋಡೆಗೆ ಬಡಿದು ಬರುವ ಪ್ರತಿಧ್ವನಿಯೂ ಇದ್ದಷ್ಟೇ ಇದೆ. ಅಂದರೆ ಒಂದು ಪೈಸೆ ಖರ್ಚಿಲ್ಲದೆ ಫ್ಯಾನಿನ ಸದ್ದನ್ನು ದನಿಯ ಮುಂದೆ 12 ಡೆಸಿಬೆಲ್ ತಗ್ಗಿಸಿದಂತಾಯಿತು. ಮೈಕಿನ ಜಾತಿ ಬದಲಿಸಿದರೆ ಇದರ ಕಾಲುಭಾಗದಷ್ಟೂ ಸಿಗುವುದಿಲ್ಲ.

ಹಾಗಿದ್ದರೆ ಈ ನಂಬಿಕೆ ಹುಟ್ಟಿದ್ದು ಹೇಗೆ? ಡೈನಾಮಿಕ್ ಮೈಕನ್ನು ಎಲ್ಲರೂ ಬಳಸುವುದು ತುಟಿಗೆ ತಾಗಿಸಿಕೊಂಡಂತೆ. ಮದುವೆ ಮನೆಯ ಆರ್ಕೆಸ್ಟ್ರಾದಿಂದ ಚುನಾವಣಾ ಭಾಷಣದವರೆಗೆ ನಾವು ಕಂಡಿದ್ದು ಅದೇ ರೀತಿ. ಕಂಡೆನ್ಸರ್ ಕೈಗೆ ಬಂದಾಗ, ಅದು ಸ್ಟುಡಿಯೋದ ವಸ್ತು ಎಂಬ ಗೌರವದಿಂದಲೋ ಏನೋ, ಮಾರು ದೂರದಲ್ಲಿಟ್ಟು ಮಾತಾಡುತ್ತಾರೆ. ಆಮೇಲೆ ಎರಡನ್ನೂ ಹೋಲಿಸಿ ತೀರ್ಪು ಕೊಡುತ್ತಾರೆ. ನಾಲ್ಕು ಬೆರಳು ದೂರದ ಡೈನಾಮಿಕ್ಕನ್ನೂ ಎರಡಡಿ ದೂರದ ಕಂಡೆನ್ಸರನ್ನೂ ಹೋಲಿಸಿದರೆ ಗೆಲ್ಲುವುದು ಆ ನಾಲ್ಕು ಬೆರಳು. 2009ರಲ್ಲಿ ಬಂದು ಮನೆಮನೆ ಸೇರಿದ ಯೇಟಿ ಎಂಬ ಯುಎಸ್‌ಬಿ ಮೈಕು ಈ ಗೊಂದಲಕ್ಕೆ ಇನ್ನಷ್ಟು ನೀರೆರೆಯಿತು. ಅದು ಪಕ್ಕದಿಂದ ಕೇಳುವ ಮೈಕು, ಜನ ಅದರ ನೆತ್ತಿಗೆ ಮಾತಾಡಿದರು. ನಾಲ್ಕು ಬಗೆಯ ದಿಕ್ಕುಗಳ ಆಯ್ಕೆಯಿರುವ ಅದರ ತಿರುಪು ಸುತ್ತಲೂ ಕೇಳುವ ಕಡೆಗೆ ತಿರುಗಿರುವುದನ್ನು ಎಷ್ಟೋ ಜನ ನೋಡಿಯೇ ಇರಲಿಲ್ಲ. ಬಿಎಂ-800 ಎಂಬ ಹೆಸರಿನಲ್ಲಿ ಹತ್ತಾರು ಮಾರಾಟಗಾರರು ತೋಳು, ಜಾಲರಿ, ಫೋಮಿನ ಟೊಪ್ಪಿಗೆ ಸಮೇತ ಮಾರುವ ಮೈಕುಗಳದ್ದು ಬೇರೆ ಕಥೆ. ಆಕಾರ ಸ್ಟುಡಿಯೋ ಮೈಕಿನದು, ಒಳಗೆ ಅನೇಕ ವೇಳೆ ಒಂದು ಸಣ್ಣ ಎಲೆಕ್ಟ್ರೆಟ್ ಗುಂಡಿ. ಅದನ್ನು ಫ್ಯಾಂಟಮ್ ಪವರ್ ಕೊಡದೆ ನೇರವಾಗಿ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಚುಚ್ಚಿದಾಗ ಬರುವ ಸುಯ್ ಸದ್ದನ್ನು ಕೇಳಿ ಕಂಡೆನ್ಸರ್ ಎಂದರೇ ಹೀಗೆ ಎಂದುಕೊಂಡವರು ಬಹಳ.

ಡೈನಾಮಿಕ್ಕಿನ ಕೀರ್ತಿಗೂ ಇಂಥದೇ ಹಿನ್ನೆಲೆಯಿದೆ. ಮೈಕೆಲ್ ಜಾಕ್ಸನ್‌ನ 1982ರ 'ಥ್ರಿಲ್ಲರ್' ಆಲ್ಬಂನ ಗಾಯನಕ್ಕೆ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಎಸ್‌ಎಂ7ಬಿಯ ಪೂರ್ವಜ ಎಸ್‌ಎಂ7 ಬಳಸಿದ್ದು ನಿಜ. ಅದು ಲಾಸ್ ಏಂಜಲೀಸ್‌ನ ಸುಸಜ್ಜಿತ ಸ್ಟುಡಿಯೋದಲ್ಲಿ ನಡೆದದ್ದು ಎಂಬುದೂ ಅಷ್ಟೇ ನಿಜ. ಇಂದು ವಿಡಿಯೋದಲ್ಲಿ ಅದೇ ವಂಶದ ಮೈಕನ್ನು ಮುಂದಿಟ್ಟುಕೊಂಡು ಗಂಭೀರ ಕಂಠದಲ್ಲಿ ಮಾತಾಡುವವರ ಹಿಂದಿನ ಗೋಡೆ ನೋಡಿ, ದಪ್ಪ ಹೀರುಫಲಕಗಳಿಂದ ತುಂಬಿರುತ್ತದೆ. ಆ ಗೋಡೆಗಳ ಪುಣ್ಯವೆಲ್ಲ ಮೈಕಿನ ಖಾತೆಗೆ ಜಮೆಯಾಗುತ್ತಿದೆ.

ಡೈನಾಮಿಕ್ಕಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ಅದರ ಪೊರೆಗೆ ಸುರುಳಿಯ ಭಾರವಿರುವುದರಿಂದ ಅತಿ ಎತ್ತರದ ಕಂಪನಗಳು ಸ್ವಲ್ಪ ಮಂಕಾಗುತ್ತವೆ. ಹೀಗಾಗಿ ಅಡುಗೆಮನೆಯ ಲೋಟದ ಠಣ್ ಸದ್ದು ಕಂಡೆನ್ಸರಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ಸ ಕಾರದ ಅಂಚೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆ, ಅದು ಬೇರೆ ಮಾತು. ತುಟಿಗೆ ತಾಗುವಷ್ಟು ಹತ್ತಿರ ಬಂದಾಗ ಪ, ಫ, ಭ ಅಕ್ಷರಗಳ ಗಾಳಿಹೊಡೆತವನ್ನು ಡೈನಾಮಿಕ್ ಹೆಚ್ಚು ತಾಳಿಕೊಳ್ಳುತ್ತದೆ. ಕೆಳಗೆ ಬಿದ್ದರೂ ಬದುಕುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ಹೇಳದ ಕಾರಣ ಒಂದಿದೆ: ತೇವ. ಕಂಡೆನ್ಸರಿನ ಪೊರೆ ಮತ್ತು ಫಲಕದ ನಡುವೆ ಇರುವುದು ಕೂದಲೆಳೆಗಿಂತ ಕಿರಿದಾದ ಸಂದು. ಅಲ್ಲಿ ತೇವ ಕೂತರೆ ಚಟಪಟ ಸದ್ದು ಬರುತ್ತದೆ, ಕೆಲವೊಮ್ಮೆ ದನಿಯೇ ಕುಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಕಂಡೆನ್ಸರನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಮಲಗುವಂತಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಆ ಶಿಸ್ತು ಆಗದು ಎನ್ನುವ ಕರಾವಳಿಯವರಿಗೆ ನಾನೂ ಡೈನಾಮಿಕ್ಕನ್ನೇ ಹೇಳುತ್ತೇನೆ.

ಈಗ ಮೆಲುದನಿಯ ವಿಷಯ. ಈ ಸಲಹೆಯ ಮೇಲೆ ನನಗೆ ಸಿಟ್ಟು ಬರುವುದು ಇದರಿಂದಲೇ. ಡೈನಾಮಿಕ್ಕಿನ ಪುಟ್ಟ ಸಿಗ್ನಲ್ಲನ್ನು ಇಂಟರ್‌ಫೇಸ್ ಬಹಳ ಎತ್ತಬೇಕಾಗುತ್ತದೆ, ಎತ್ತುವಾಗ ತನ್ನದೇ ಸುಯ್ ಸದ್ದನ್ನೂ ಎತ್ತುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥ ಮನೆಬಳಕೆಯ ಒಳ್ಳೆಯ ಇಂಟರ್‌ಫೇಸಿನಲ್ಲಿ ಸಿಗ್ನಲ್ಲನ್ನು ಎತ್ತುವ ಭಾಗವಾದ ಪ್ರೀಆಂಪಿನ ಸದ್ದು, ವೋಲ್ಟೇಜಿನ ಡೆಸಿಬೆಲ್ ಅಳತೆಯಾದ ಡಿಬಿಯುನಲ್ಲಿ, ಸುಮಾರು −128 ಎಂದು ಕಂಪನಿ ನಮೂದಿಸುತ್ತದೆ. ಇದನ್ನು ಎಸ್‌ಎಂ7ಬಿಯ 1.12 ಮಿಲಿವೋಲ್ಟಿನ ಜೊತೆ ಇಟ್ಟು ಲೆಕ್ಕ ಹಾಕಿದರೆ, ಆ ಜೋಡಿಯ ಸ್ವಂತ ಸದ್ದು ಕೋಣೆಯಲ್ಲಿ 23 ಡೆಸಿಬೆಲ್ಲಿನ ಒಂದು ಸುಯ್ ಸದಾ ಇದ್ದುದಕ್ಕೆ ಸಮ. ಡೈನಾಮಿಕ್ಕಿನ ಸುರುಳಿಯಂಥ 150 ಓಮ್ ತಂತಿಯೊಂದು ಸುಮ್ಮನೆ ಬಿದ್ದಿದ್ದರೂ ಶಾಖದಿಂದಾಗಿ −131 ಡಿಬಿಯುನಷ್ಟು ಸದ್ದು ಮಾಡುತ್ತದೆ. ಆದ್ದರಿಂದ ಎಷ್ಟೇ ದುಬಾರಿ ಪ್ರೀಆಂಪ್ ತಂದರೂ ಮೂರು ಡೆಸಿಬೆಲ್ಲಿಗಿಂತ ಹೆಚ್ಚು ಉಳಿಸಲಾಗದು. ಅಗ್ಗದ ಎಟಿ2020ರ ಸ್ವಂತ ಸದ್ದು 20 ಡೆಸಿಬೆಲ್. ಅದರ ಅಣ್ಣ ಎಟಿ2035ರದ್ದು 12. ಆಸ್ಟ್ರೇಲಿಯಾದ ರೋಡ್ ಕಂಪನಿಯ ಎನ್‌ಟಿ1 ಸರಣಿಯವು 4ರಿಂದ 5. ಅಮೆರಿಕದಲ್ಲಿ ಎಸ್‌ಎಂ7ಬಿ 399 ಡಾಲರಿಗೆ, ಎಟಿ2020 99 ಡಾಲರಿಗೆ ವರ್ಷಗಟ್ಟಲೆ ಮಾರಾಟವಾಗಿವೆ. ನಾಲ್ಕು ಪಟ್ಟು ದುಡ್ಡು ಕೊಟ್ಟವರಿಗೆ ಸಿಗುವುದು ಹೆಚ್ಚು ಸುಯ್. ಸಿಗ್ನಲ್ ಸಾಲದೆಂದು ಕ್ಲೌಡ್‌ಲಿಫ್ಟರ್‌ನಂಥ ಬೂಸ್ಟರನ್ನೂ ಆಮೇಲೆ ಕೊಳ್ಳಿಸುತ್ತಾರೆ. ಕೊನೆಗೆ 2023ರಲ್ಲಿ ಶೂರ್ ಕಂಪನಿಯೇ ಬೂಸ್ಟರನ್ನು ಒಳಗೇ ಕೂರಿಸಿದ ಎಸ್‌ಎಂ7ಡಿಬಿ ತಂದಿತು. ಈ ಬೂಸ್ಟರುಗಳು ನಡೆಯಬೇಕಾದರೆ ಕಂಡೆನ್ಸರಿಗೆ ಕೊಡುವ ಅದೇ 48 ವೋಲ್ಟ್ ಬೇಕು.

ಗಟ್ಟಿ ಕಂಠದವರು, ಮೈಕಿಗೆ ತುಟಿಯೊತ್ತಿ ಮಾತಾಡುವವರು ಈ 23 ಡೆಸಿಬೆಲ್ಲನ್ನು ಗಮನಿಸುವುದೇ ಇಲ್ಲ. ಅವರ ದನಿ ಅದಕ್ಕಿಂತ 60 ಡೆಸಿಬೆಲ್ ಮೇಲೆ ನಿಂತಿರುತ್ತದೆ. ನಾನು ಕೇಳಿದ ಮೈಕ್ ಪರಿಚಯಗಳಲ್ಲಿ ಬಹುಪಾಲು ಇಂಥ ಗಂಡುದನಿಗಳಲ್ಲೇ ಇವೆ. ಆದರೆ ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತೂವರೆಗೆ ಕಾದಂಬರಿಯ ಅಧ್ಯಾಯವೊಂದನ್ನು ಆಡಿಯೊ ಪುಸ್ತಕಕ್ಕಾಗಿ ತಗ್ಗಿದ ದನಿಯಲ್ಲಿ ಓದುವ ಹೆಂಗಸಿನ ಸ್ಥಿತಿ ಯೋಚಿಸಿ. ಅವರ ಮಾತಿನ ನಡುವಿನ ಬಿಡುವುಗಳಲ್ಲೆಲ್ಲ ಆ ಸುಯ್ ಇಣುಕುತ್ತದೆ. ಅದನ್ನು ತೆಗೆಯಲು ಸಾಫ್ಟ್‌ವೇರ್ ಹಾಕಿದರೆ ಉಸಿರೂ ಹೋಗುತ್ತದೆ, ಪದದ ಕೊನೆಯೂ ಹೋಗುತ್ತದೆ. ವೀಣೆಯದ್ದು ಇನ್ನೂ ಕಷ್ಟ. ಮೀಟಿದ ಸ್ವರ ಎದ್ದು, ಗಮಕದಲ್ಲಿ ಒಲೆದು, ಕರಗುತ್ತಾ ಹೋಗುವ ಬಾಲದಲ್ಲೇ ಆ ವಾದ್ಯದ ಜೀವವಿದೆ. ಬಾಲ 30 ಡೆಸಿಬೆಲ್ಲಿಗೆ ಇಳಿಯುವ ಹೊತ್ತಿಗೆ 23 ಡೆಸಿಬೆಲ್ಲಿನ ಸುಯ್ ಅದರ ಪಕ್ಕದಲ್ಲೇ ಕೂತಿರುತ್ತದೆ. ವೀಣೆಯ ಕೊಡಕ್ಕೆ ನಾಲ್ಕು ಬೆರಳು ಹತ್ತಿರ ಮೈಕಿಟ್ಟರೆ ಸುಯ್ ಕಡಿಮೆಯಾದೀತು, ಆದರೆ ಕೇಳುವುದು ಬುಡದ ಗುಮ್ಮೆನ್ನುವಿಕೆ ಮಾತ್ರ. ಇಡೀ ವಾದ್ಯ ಒಂದಾಗಿ ಕೇಳಬೇಕಾದರೆ ಎರಡು ಗೇಣಾದರೂ ದೂರ ಹೋಗಲೇಬೇಕು.

ಇನ್ನೊಂದು ಸಂದರ್ಭ ನನಗೆ ಇದಕ್ಕಿಂತಲೂ ಮುಖ್ಯ. ಬೀಸುವ ಪದ, ಸೋಬಾನೆ ಪದ, ಜೋಗುಳ ಬಲ್ಲ ಅಜ್ಜಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದ್ದಾರೆ. ಮೊಮ್ಮಕ್ಕಳು ಊರಿಗೆ ಹೋದಾಗ ಅವನ್ನು ದಾಖಲಿಸಬೇಕೆಂದು ಆಸೆಪಡುತ್ತಾರೆ. ಎಂಬತ್ತು ದಾಟಿದ ಅಜ್ಜಿಗೆ "ಅಜ್ಜೀ, ಈ ಮೈಕನ್ನ ಬಾಯಿಗೆ ಒತ್ತಿ ಹಿಡ್ಕೋ, ತಲೆ ಅಲ್ಲಾಡಿಸಬೇಡ" ಎಂದರೆ ಪದವೇ ಹೊರಡುವುದಿಲ್ಲ. ಆಕೆ ಹಾಡುತ್ತಾ ಅತ್ತಿತ್ತ ತೂಗುತ್ತಾಳೆ, ಕೈಯಾಡಿಸುತ್ತಾಳೆ, ನಡುವೆ ಸೊಸೆಯ ಕಡೆ ತಿರುಗಿ ಮುಂದಿನ ಸಾಲು ಕೇಳುತ್ತಾಳೆ. ಮೈಕು ಒಂದೂವರೆ ಗೇಣು ದೂರದಲ್ಲಿ, ಕಣ್ಣಿಗೆ ಅಡ್ಡವಾಗದಂತೆ, ಎದೆಮಟ್ಟದಿಂದ ಮೇಲಕ್ಕೆ ನೋಡುತ್ತಾ ಇರಬೇಕು. ಆ ದೂರಕ್ಕೆ ಆ ಸಣ್ಣ ದನಿಯನ್ನು ಸುಯ್ ಇಲ್ಲದೆ ಹಿಡಿಯುವುದು ಸ್ವಂತ ಸದ್ದು ಕಡಿಮೆಯಿರುವ ಕಂಡೆನ್ಸರಿಗೆ ಮಾತ್ರ ಸಾಧ್ಯ. ಡೈನಾಮಿಕ್ ಸಾಕು ಎಂಬ ಸಲಹೆ ಕೇಳಿ ಅಂಥ ದಾಖಲೆಗೆ ಹೊರಟವರು ವಾಪಸು ತರುವುದು ಮತ್ತೆಂದೂ ಮಾಡಲಾಗದ ಒಂದು ಕೆಟ್ಟ ರೆಕಾರ್ಡಿಂಗ್.

ಕಂಡೆನ್ಸರ್ ಕೊಳ್ಳಲು ಒಪ್ಪಿದವರನ್ನು ಹಿಡಿದು ನಿಲ್ಲಿಸುವ ಇನ್ನೊಂದು ನಂಬಿಕೆ, ಅಗ್ಗದ ಕಂಡೆನ್ಸರ್ ಎಂದರೆ ಕರ್ಕಶ, ಒಳ್ಳೆಯದು ಬೇಕಾದರೆ ಲಕ್ಷ ಸುರಿಯಬೇಕು ಎಂಬುದು. ಕರ್ಕಶ ಎನ್ನುವುದರಲ್ಲಿ ಹುರುಳಿದೆ, ಕಾರಣ ಮಾತ್ರ ಬೇರೆ. ಜರ್ಮನಿಯ ನ್ಯೂಮನ್ ಕಂಪನಿ 1960ರಲ್ಲಿ ಯು67 ಎಂಬ ಮೈಕನ್ನು ತಂದಿತು. ಅದರ ಕೆ67 ಕ್ಯಾಪ್ಸೂಲ್, ಅಂದರೆ ಪೊರೆ ಮತ್ತು ಫಲಕದ ಜೋಡಣೆ, ಎತ್ತರದ ಕಂಪನಗಳನ್ನು ಬೇಕೆಂದೇ ಎತ್ತಿ ಕೊಡುತ್ತಿತ್ತು, ಒಳಗಿನ ಸರ್ಕ್ಯೂಟ್ ಅದನ್ನು ಅಷ್ಟೇ ತಗ್ಗಿಸುತ್ತಿತ್ತು. ಹೀಗೆ ಎತ್ತಿ ತಗ್ಗಿಸುವುದರಿಂದ ಸರ್ಕ್ಯೂಟಿನ ಸುಯ್ ಸದ್ದೂ ತಗ್ಗುತ್ತದೆ. ಎರಡೂ ಒಂದಕ್ಕೊಂದು ಹೊಂದಿ ಹುಟ್ಟಿದ ಜೋಡಿ. ಚೀನಾದ ಕಾರ್ಖಾನೆಗಳು ಅಗ್ಗದ ಮೈಕುಗಳಿಗೆ ಕೆ67ರ ನಕಲನ್ನು ಹಾಕಿದವು, ಆದರೆ ಬಹಳಷ್ಟು ಮೈಕುಗಳಲ್ಲಿ ಸರ್ಕ್ಯೂಟ್ ಬೇರೆ ಕಡೆಯಿಂದ ಬಂತು. ಷೋಪ್ಸ್ ಕಂಪನಿಯ ಮಾದರಿಯ ಸರಳ ಸರ್ಕ್ಯೂಟ್ ಏನನ್ನೂ ತಗ್ಗಿಸುವುದಿಲ್ಲ, ಬಂದದ್ದನ್ನು ಹಾಗೆಯೇ ದಾಟಿಸುತ್ತದೆ. ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ನಾವು ಅಗ್ಗದ ಮೈಕಿನ ಚುಚ್ಚು ಎಂದು ಕರೆಯುವುದರ ಬಹುಭಾಗ ಈ ಹೊಂದದ ಜೋಡಿಯ ಫಲ.

ಕಾರಣ ಗೊತ್ತಾದರೆ ಪರಿಹಾರವೂ ಗೊತ್ತಾಗುತ್ತದೆ. ಯಾವುದೇ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರಿನ ಈಕ್ವಲೈಸರಿನಲ್ಲಿ 7–8 ಸಾವಿರ ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ನಾಲ್ಕೈದು ಡೆಸಿಬೆಲ್ ಇಳಿಸಿದರೆ, ಬಿಟ್ಟುಹೋದ ಸರ್ಕ್ಯೂಟಿನ ಕೆಲಸದ ದೊಡ್ಡ ಪಾಲನ್ನು ನೀವೇ ಮಾಡಿದಂತಾಯಿತು. ಕನ್ನಡ ಓದುವವರಿಗೆ ಇದು ಬೇಕೇ ಬೇಕು. ಸ ಕಾರದ ಶಕ್ತಿ 5 ಸಾವಿರ ಹರ್ಟ್ಸ್‌ಗಿಂತ ಮೇಲೆ ಗುಂಪುಗೂಡಿರುತ್ತದೆ, ಶ ಕಾರದ್ದು ಅದಕ್ಕಿಂತ ಕೆಳಗೆ. ಮೇಲಿನ ಕಂಪನಗಳನ್ನು ಎತ್ತುವ ಮೈಕು ಸ ಕಾರವನ್ನು ಉಬ್ಬಿಸಿ ಎರಡರ ನಡುವಿನ ಸಹಜ ಹದವನ್ನು ಕೆಡಿಸುತ್ತದೆ. ಹೆಣ್ಣುದನಿಯಲ್ಲಿ ಸ ಕಾರ ಇನ್ನೂ ಎತ್ತರದಲ್ಲಿರುವುದರಿಂದ ಪೆಟ್ಟೂ ಹೆಚ್ಚು. ಇಂಗ್ಲಿಷಿನಲ್ಲಿ ಮಾತಾಡುವ ದಪ್ಪ ಗಂಡುದನಿಗೆ ಸೊಗಸಾಗಿ ಒಪ್ಪಿದ ಮೈಕು ನಮ್ಮ ಸುಗಮ ಸಂಗೀತದ ಗಾಯಕಿಗೆ ಒಪ್ಪದೇ ಹೋಗುವುದು ಇದರಿಂದ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ, ಹಣೆಯ ಮಟ್ಟದಿಂದ ಕೆಳಕ್ಕೆ ನೋಡುವಂತೆ ಇಟ್ಟರೆ ಚುಚ್ಚೂ ತಗ್ಗುತ್ತದೆ, ಭ ಮತ್ತು ಫ ಕಾರಗಳ ಗಾಳಿಯೂ ತಪ್ಪಿ ಹೋಗುತ್ತದೆ.

ಎಲೆಕ್ಟ್ರೆಟ್ ಎಂದರೆ ನಕಲಿ ಕಂಡೆನ್ಸರ್ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಡೆನ್ಮಾರ್ಕಿನ ಡಿಪಿಎ ಕಂಪನಿಯ, ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣದಲ್ಲಿ ದೊಡ್ಡ ಹೆಸರಾದ 4006 ಮೈಕು ಆ ತತ್ವದ್ದೇ. ದೊಡ್ಡ ಪೊರೆಯ ಮೈಕೇ ಬೇಕು ಎಂಬ ಹಟ ಇದಕ್ಕಿಂತ ಹಾನಿಕರ. ಚಿನ್ನದ ಬಣ್ಣದ ಅಗಲ ಪೊರೆ ಫೋಟೋದಲ್ಲಿ ಚೆಂದ ಕಾಣುತ್ತದೆ, ಸ್ವಂತ ಸದ್ದೂ ಸಾಮಾನ್ಯವಾಗಿ ಕಡಿಮೆ. ಆದರೆ ಪಕ್ಕದಿಂದ ಬರುವ ಧ್ವನಿಯನ್ನು ಅದು ಬಣ್ಣ ಬದಲಿಸಿ ಹಿಡಿಯುತ್ತದೆ, ಎತ್ತರದ ಕಂಪನಗಳಿಗೆ ಅದರ ಕಿವಿ ಕಿರಿದಾಗುತ್ತಾ ಹೋಗುತ್ತದೆ. ಒಂದೇ ಕಡೆ ಮುಖ ಮಾಡಿ ಹಾಡುವವರಿಗೆ ಇದರಿಂದ ತೊಂದರೆಯಿಲ್ಲ. ತಬಲಾ, ಹಾರ್ಮೋನಿಯಂ, ವೀಣೆ, ಕೊಳಲು ಹಾಗಲ್ಲ, ಅವು ನಾನಾ ದಿಕ್ಕಿಗೆ ಧ್ವನಿ ಚೆಲ್ಲುತ್ತವೆ, ಅದೆಲ್ಲ ಗೋಡೆಗೆ ಬಡಿದು ಪಕ್ಕದಿಂದ ಮರಳುತ್ತದೆ. ಪೆನ್ಸಿಲ್ ಆಕಾರದ ಸಣ್ಣ ಪೊರೆಯ ಕಂಡೆನ್ಸರ್ ಆ ಮರಳಿ ಬಂದದ್ದನ್ನೂ ಸಹಜ ಬಣ್ಣದಲ್ಲೇ ಹಿಡಿಯುವುದರಿಂದ ಸಾಧಾರಣ ಕೋಣೆಯ ಪ್ರತಿಧ್ವನಿ ಕೂಡ ಕಿವಿಗೆ ಅಷ್ಟು ಅಸಹ್ಯವಾಗುವುದಿಲ್ಲ. ವಾದ್ಯ ನುಡಿಸುವವರು ಮೊದಲು ನೋಡಬೇಕಾದದ್ದು ಇವನ್ನು. ಅಂಗಡಿಗಳಲ್ಲಿ ಇವನ್ನು ಮುಂದಿಟ್ಟು ತೋರಿಸುವವರು ವಿರಳ.

ಕೋಣೆಯ ಬಗ್ಗೆಯೂ ಮಾತಾಡದೆ ವಿಧಿಯಿಲ್ಲ. ಮೈಕಿನ ಬೆನ್ನಿಗೆ ಕಟ್ಟುವ ಅರ್ಧಚಂದ್ರಾಕಾರದ ಫೋಮಿನ ಗುರಾಣಿಯನ್ನು ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆಂದೇ ಮಾರುತ್ತಾರೆ. ಕಾರ್ಡಿಯಾಯ್ಡ್ ಮೈಕು ಯಾವ ದಿಕ್ಕಿಗೆ ಮೊದಲೇ ಕಿವುಡೋ ಆ ದಿಕ್ಕಿಗೆ ಈ ಗುರಾಣಿಯ ಕಾವಲು. ನಿಮ್ಮ ದನಿ ಎದುರು ಗೋಡೆಗೆ ಹೋಗುವುದನ್ನು ಅದು ಒಂದಿಷ್ಟು ತಡೆಯುತ್ತದೆ ನಿಜ. ಆದರೆ ಮೈಕು ಕಣ್ಣರಳಿಸಿ ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಬರಿಗೋಡೆಯನ್ನು. ಹೊದಿಕೆ ಬೇಕಾದದ್ದು ಅಲ್ಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಇರುತ್ತದಲ್ಲ, ಎರಡು ಕೌದಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಹಗ್ಗ ಕಟ್ಟಿ ನಿಮ್ಮ ಬೆನ್ನ ಹಿಂದೆ ಇಳಿಬಿಡಿ. ಒಂದಿಂಚಿನ ಫೋಮ್ ಚೌಕಗಳನ್ನು ಗೋಡೆಗೆ ಅಂಟಿಸಿದರೆ ಸಿಗುವುದಕ್ಕಿಂತ ಇದರಲ್ಲಿ ಲಾಭ ಹೆಚ್ಚು. ಆ ಫೋಮ್ ಹೀರುವುದು ಸಾವಿರ ಹರ್ಟ್ಸ್‌ನ ಆಸುಪಾಸಿನಿಂದ ಮೇಲಿನದನ್ನು ಮಾತ್ರ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯೋ, ಎರಡೂ ಜೊತೆ ಗೋಡೆಗಳ ನಡುವೆ 56 ಹರ್ಟ್ಸ್‌ನಲ್ಲಿ, ಮತ್ತೆ 112ರ ಸುಮಾರಿನಲ್ಲಿ ಅನುರಣಿಸುತ್ತದೆ. ಎರಡನೆಯದು ಗಂಡುದನಿಯ ನಡುಮಧ್ಯಕ್ಕೆ ಬೀಳುತ್ತದೆ. ಮೊಟ್ಟೆ ಟ್ರೇ ಅಂಟಿಸುವುದರಿಂದಂತೂ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಚೌಕಾಕಾರದ ಕೋಣೆಯ ನಟ್ಟನಡುವೆ ಕೂರದಿರುವುದು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡುವುದು, ಹಾಸಿಗೆಯಿರುವ ಮಲಗುವ ಕೋಣೆಯನ್ನೇ ಆರಿಸಿಕೊಳ್ಳುವುದು, ಈ ಮೂರಕ್ಕೂ ಕಾಸು ಬೇಕಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ನನ್ನ ಅಭಿಪ್ರಾಯ ಹೀಗೆ. ಒಂದು ಗೇಣು ದೂರದಲ್ಲಿ ಸಾಧಾರಣ ದನಿಯಲ್ಲಿ ಮಾತಾಡುವವರಿಗೆ ಎಟಿ2020 ಸಾಕು. ನಗರದ ಮನೆಯ ಸದ್ದೇ ಅದರ 20 ಡೆಸಿಬೆಲ್ಲಿನ ಸುಯ್ಯನ್ನು ಮುಚ್ಚುವಷ್ಟು ಇರುತ್ತದೆ. ಹಾಡುವವರು ಇನ್ನಷ್ಟು ದುಡ್ಡು ಹಾಕಿ ಎಟಿ2035ಕ್ಕೆ ಹೋಗುವುದು ಮೇಲು. 80 ಹರ್ಟ್ಸ್‌ನ ಕೆಳಗಿನ ಗುಡುಗನ್ನು ಕಡಿದುಹಾಕುವ ಒಂದು ಸ್ವಿಚ್ಚು ಅದರಲ್ಲಿದೆ, ಬಸ್ಸು ಓಡಾಡುವ ಬೀದಿಯ ಮನೆಗಳಿಗೆ ಅದು ವರ. ಮೆಲುದನಿಯವರು, ಅಜ್ಜಿಯ ಪದ ಹಿಡಿಯಲು ಹೊರಟವರು, ವೀಣೆಯವರು ಬೇರೆಲ್ಲ ಖರ್ಚು ತಗ್ಗಿಸಿಯಾದರೂ 5 ಡೆಸಿಬೆಲ್ಲಿನ ಸುತ್ತಮುತ್ತ ಸ್ವಂತ ಸದ್ದಿರುವ ಎನ್‌ಟಿ1ರಂಥದ್ದನ್ನು ಕೊಳ್ಳಲಿ. ಹಳೆಯ ಎನ್‌ಟಿ1-ಎ ಸ ಕಾರವನ್ನು ತುಸು ಎತ್ತುತ್ತದೆ, ಆಮೇಲಿನ ಎನ್‌ಟಿ1ಗಳು ಹೆಚ್ಚು ಸಮನಾಗಿವೆ. ಮೇಜಿನ ಮೇಲೆ ಕೂರುವ ಪುಟ್ಟ ಮುಕ್ಕಾಲಿಯನ್ನು ಮಾತ್ರ ಬಿಟ್ಟುಬಿಡಿ. ನೆಲದ ಮೇಲೆ ನಿಲ್ಲುವ ಗಟ್ಟಿ ಸ್ಟ್ಯಾಂಡಿಗೆ ದುಡ್ಡು ಎತ್ತಿಡಿ, ಇಲ್ಲವಾದರೆ ಮೈಕು ನಿಮ್ಮ ಬಾಯಿಯ ಹತ್ತಿರಕ್ಕೆ ಬರುವುದೇ ಇಲ್ಲ.

ಮೈಕು ಮನೆಗೆ ಬಂದ ದಿನವೇ, ವಾಪಸು ಕಳಿಸುವ ಅವಧಿ ಮುಗಿಯುವ ಮೊದಲು, ಫ್ಯಾನು ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ. ಆಮೇಲೆ ಸ, ಶ, ಭ, ಪ ಹೇರಳವಾಗಿರುವ ಒಂದು ಪುಟವನ್ನು ಒಂದು ಗೇಣು ದೂರದಿಂದ ಓದಿ, ಅದೇ ಪುಟವನ್ನು ಮೂರು ಗೇಣು ದೂರದಿಂದ ಮತ್ತೆ ಓದಿ. ಮೂರನ್ನೂ ಹೆಡ್‌ಫೋನಿನಲ್ಲಿ ಕೇಳಿ. ಮೊದಲ ನಿಮಿಷದಲ್ಲಿ ಕೋಣೆಯ ಸದ್ದಿಗಿಂತ ಮೇಲೆ ಒಂದೇ ಸಮನೆ ಸುಯ್ ಕೇಳುತ್ತಿದ್ದರೆ ಅಥವಾ ಚಟಪಟ ಬರುತ್ತಿದ್ದರೆ ತಪ್ಪು ಮೈಕಿನದು, ವಾಪಸು ಕಳಿಸಿ. ಹತ್ತಿರದಿಂದ ಓದಿದ್ದರಲ್ಲಿ ಸ ಕಾರ ಕಿವಿಗೆ ಚುಚ್ಚುತ್ತಿದ್ದು, ಓರೆಯಾಗಿ ಇಟ್ಟು ಈಕ್ವಲೈಸರಿನಲ್ಲಿ ಇಳಿಸಿದ ಮೇಲೂ ಚುಚ್ಚುತ್ತಲೇ ಇದ್ದರೆ ಆ ಮೈಕು ನಿಮ್ಮ ದನಿಗೆ ಹೇಳಿದ್ದಲ್ಲ, ಅದನ್ನೂ ಕಳಿಸಿ. ಹತ್ತಿರದಿಂದ ಓದಿದ್ದು ಚೆನ್ನಾಗಿದ್ದು ಮೂರು ಗೇಣಿನಿಂದ ಓದಿದ್ದು ಬಾವಿಯೊಳಗಿಂದ ಬಂದಂತಿದ್ದರೆ ಕಳಿಸಿ ಪ್ರಯೋಜನವಿಲ್ಲ. ಮುಂದೆ ಬರುವ ಮೈಕೂ, ಅದು ಡೈನಾಮಿಕ್ಕೇ ಆಗಿರಲಿ, ಅದೇ ಮೂರು ಗೇಣಿನಲ್ಲಿಟ್ಟರೆ ಅದೇ ಬಾವಿಯನ್ನೇ ಕೇಳಿಸುತ್ತದೆ.